ಥೈರಾಯ್ಡ್ ತೊಂದರೆ ಮತ್ತು ದೇಹದ ಸತು: ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳು ತಿಳಿದಿರಬೇಕಾದ ಸಂಗತಿಗಳು

ಥೈರಾಯ್ಡ್ ತೊಂದರೆಯುಳ್ಳವರ ದೇಹದಲ್ಲಿ ಸತುವಿನ ಅಂಶ ಕಡಿಮೆಯಿರುತ್ತದೆಯೇ? ಸತುವಿನ ಮಾತ್ರೆ ನುಂಗಿದರೆ ಥೈರಾಯ್ಡ್ ಮಾತ್ರೆಯನ್ನು ಬಿಡಬಹುದೇ? ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ನಮ್ಮ ಕನ್ನಡ ಮನೆಗಳಲ್ಲಿ ಈ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಮೊಬೈಲಿಗೆ ಬರುವ ಸಂದೇಶಗಳು, ಔಷಧದಂಗಡಿಯ ಕಟ್ಟೆಯ ಮಾತು, ನೆಂಟರಿಷ್ಟರ ಅನುಭವ ಇವೆಲ್ಲ ಸೇರಿ ಒಂದು ಅರ್ಧಸತ್ಯವನ್ನು ಪೂರ್ಣಸತ್ಯವಾಗಿ ಹರಡುತ್ತಿವೆ.

ಮೊದಲ ಪ್ರಶ್ನೆಗೆ ಉತ್ತರ: ಕೆಲವರಲ್ಲಿ ಹೌದು, ಎಲ್ಲರಲ್ಲಿ ಅಲ್ಲ. ಎರಡನೆಯ ಪ್ರಶ್ನೆಗೆ ಉತ್ತರ: ಖಂಡಿತವಾಗಿ ಇಲ್ಲ. ಈ ಎರಡು ಉತ್ತರಗಳ ನಡುವೆ ತಿಳಿಯಬೇಕಾದ ಸಂಗತಿಗಳು ಬಹಳಷ್ಟಿವೆ. ನಾವು ವೈದ್ಯರಲ್ಲ, ಶಿಕ್ಷಕರು. ಚಿಕಿತ್ಸೆಯನ್ನು ನಿರ್ಧರಿಸಬೇಕಾದವರು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ. ಅವರ ಮುಂದೆ ಕುಳಿತಾಗ ಕೇಳಬೇಕಾದುದನ್ನು ತಿಳಿದು ಕೇಳಲು ನೆರವಾಗುವಂತೆ ವಿಜ್ಞಾನದ ಸ್ಥಾಪಿತ ಸಂಗತಿಗಳನ್ನು ನಮ್ಮ ನುಡಿಯಲ್ಲಿ ಒಂದೆಡೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಸತು ಎಂದರೇನು?

ಕಬ್ಬಿಣದ ತಗಡಿಗೆ ತುಕ್ಕು ಹಿಡಿಯದಂತೆ ಲೇಪಿಸುವ ಅದೇ ಲೋಹ ಸತು. ತಮಿಳಿನಲ್ಲಿ ಇದಕ್ಕೆ ತುತ್ತನಾಗಂ ಎಂದೂ, ಔಷಧದ ಚೀಟಿಯಲ್ಲಿ ಜಿಂಕ್ ಎಂದೂ ಹೆಸರು. ವಯಸ್ಕರ ದೇಹದಲ್ಲಿ ಇರುವ ಒಟ್ಟು ಸತು ಸುಮಾರು 2 ಗ್ರಾಂ ಮಾತ್ರ. ಅದರ ಬಹುಪಾಲು ಸ್ನಾಯು ಮತ್ತು ಮೂಳೆಗಳಲ್ಲಿದೆ. ಇಷ್ಟು ಅಲ್ಪ ಪ್ರಮಾಣದಲ್ಲಿದ್ದರೂ ನೂರಾರು ಕಿಣ್ವಗಳ ಕೆಲಸಕ್ಕೆ ಇದು ಬೇಕು. ಗಾಯ ಮಾಯುವುದು, ಮಕ್ಕಳು ಬೆಳೆಯುವುದು, ನಾಲಿಗೆಗೆ ರುಚಿ ತಿಳಿಯುವುದು, ಸೋಂಕನ್ನು ಎದುರಿಸುವುದು, ಕೂದಲು ಮತ್ತು ಚರ್ಮ ಹೊಸದಾಗುವುದು ಇವೆಲ್ಲದರಲ್ಲಿಯೂ ಸತುವಿನ ಪಾತ್ರವಿದೆ.

ಮನುಷ್ಯರಿಗೆ ಸತುವಿನ ಕೊರತೆ ಬರಬಹುದೆಂಬುದನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರು ಬಿಹಾರದಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. 1960ರ ದಶಕದ ಆರಂಭದಲ್ಲಿ ಇರಾನಿನಲ್ಲಿಯೂ ಬಳಿಕ ಈಜಿಪ್ಟಿನಲ್ಲಿಯೂ ಅವರು ಬೆಳವಣಿಗೆ ಕುಂಠಿತಗೊಂಡ, ಪ್ರಾಯಕ್ಕೆ ಬಂದರೂ ಪ್ರೌಢತೆಯ ಲಕ್ಷಣ ಕಾಣದ ಯುವಕರನ್ನು ಪರೀಕ್ಷಿಸಿದರು. ಅವರ ಆಹಾರದಲ್ಲಿ ಹುದುಗು ಬರಿಸದ ರೊಟ್ಟಿಯೇ ಹೆಚ್ಚು, ಮಾಂಸ ಬಹಳ ಕಡಿಮೆ. ಹೊಟ್ಟೆ ತುಂಬ ಧಾನ್ಯ ತಿಂದರೂ ಸತು ಮೈಗೆ ಹತ್ತದಿರಬಹುದು ಎಂಬ ಪಾಠ ಅಲ್ಲಿಂದ ದೊರೆಯಿತು. ಅನ್ನವೇ ಮುಖ್ಯ ಊಟವಾಗಿರುವ ನಮಗೂ ಆ ಪಾಠ ಅನ್ವಯಿಸುತ್ತದೆ.

ಥೈರಾಯ್ಡ್ ಗ್ರಂಥಿಗೂ ಸತುವಿಗೂ ಇರುವ ನಂಟು

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಅವುಗಳ ಕಚ್ಚಾವಸ್ತು ಅಯೋಡಿನ್. ಟಿ4ರಿಂದ ಒಂದು ಅಯೋಡಿನ್ ಪರಮಾಣು ಕಳಚಿಕೊಂಡಾಗ ಹೆಚ್ಚು ಚುರುಕಾದ ಟಿ3 ಉಂಟಾಗುತ್ತದೆ. ಈ ಕೆಲಸ ಮಾಡುವ ಕಿಣ್ವಗಳಿಗೆ ಸೆಲೆನಿಯಂ ಎಂಬ ಮತ್ತೊಂದು ಧಾತು ಅವಶ್ಯ. ಹಾಗಾದರೆ ಸತು ಎಲ್ಲಿ ಬರುತ್ತದೆ?

ಎರಡು ಕಡೆ ಬರುತ್ತದೆ. ಮೊದಲನೆಯದು ಮಿದುಳಿನಲ್ಲಿ. ಥೈರಾಯ್ಡಿಗೆ ಆಜ್ಞೆ ಹೊರಡುವುದು ಮಿದುಳಿನ ಹೈಪೋಥಲಮಸ್ ಎಂಬ ಭಾಗದಿಂದ. ಅಲ್ಲಿ ಟಿಆರ್‌ಎಚ್ ಎಂಬ ಸಂದೇಶವಾಹಕವನ್ನು ಸಿದ್ಧಗೊಳಿಸುವ ಕಿಣ್ವಗಳಲ್ಲಿ ಸತುವನ್ನು ಅವಲಂಬಿಸಿದ ಕಿಣ್ವವೂ ಇದೆ. ಆ ಸಂದೇಶ ಪಿಟ್ಯುಟರಿ ಗ್ರಂಥಿಯನ್ನು ತಲುಪಿ ಟಿಎಸ್‌ಎಚ್ ಹೊರಬರುವಂತೆ ಮಾಡುತ್ತದೆ. ಟಿಎಸ್‌ಎಚ್ ಥೈರಾಯ್ಡನ್ನು ಕೆಲಸಕ್ಕೆ ಹಚ್ಚುತ್ತದೆ. ಎರಡನೆಯದು ಮೈಯ ಪ್ರತಿಯೊಂದು ಜೀವಕೋಶದಲ್ಲಿ. ಟಿ3 ಕೋಶದೊಳಗೆ ಹೋಗಿ ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗಲೇ ಅದರ ಕೆಲಸ ನಡೆಯುವುದು. ಆ ಗ್ರಾಹಕವು ವಂಶವಾಹಿಯನ್ನು ಹಿಡಿಯುವ ಭಾಗಕ್ಕೆ ವಿಜ್ಞಾನಿಗಳು 'ಸತುವಿನ ಬೆರಳು' ಎಂದೇ ಹೆಸರಿಟ್ಟಿದ್ದಾರೆ. ಸತುವಿನ ಪರಮಾಣು ಇಲ್ಲದಿದ್ದರೆ ಆ ಬೆರಳು ಮಡಚಿಕೊಂಡು ಸರಿಯಾದ ಆಕಾರ ಪಡೆಯದು.

ಈ ನಂಟು ಒಮ್ಮುಖವಲ್ಲ. ಥೈರಾಯ್ಡ್ ಹಾರ್ಮೋನಿನ ಮಟ್ಟವೂ ಸತುವಿನ ಮೇಲೆ ಪರಿಣಾಮ ಬೀರುತ್ತದೆ. ಹಾರ್ಮೋನು ಕಡಿಮೆಯಾದಾಗ ಕರುಳು ಸತುವನ್ನು ಹೀರಿಕೊಳ್ಳುವುದು ತಗ್ಗಬಹುದು. ಹಾರ್ಮೋನು ಅತಿಯಾದಾಗ ಮೂತ್ರದ ಮೂಲಕ ಸತು ಹೆಚ್ಚಾಗಿ ಹೊರಹೋಗುತ್ತದೆ. ಹೀಗೆ ಒಂದರ ಕೊರತೆ ಇನ್ನೊಂದನ್ನು ಎಳೆದು ತರುವ ಸಾಧ್ಯತೆ ಇದೆ. 'ಥೈರಾಯ್ಡಿಗೆ ಸತು ಬೇಕು' ಎಂಬ ಮಾತಿನಲ್ಲಿರುವ ಸತ್ಯಾಂಶ ಇಷ್ಟು.

ಥೈರಾಯ್ಡ್ ರೋಗಿಗಳಲ್ಲಿ ಸತುವಿನ ಮಟ್ಟ: ಅಧ್ಯಯನಗಳು ಹೇಳುವುದು

ಹಾರ್ಮೋನು ಅತಿಯಾಗಿ ಸ್ರವಿಸುವ ಹೈಪರ್‌ಥೈರಾಯ್ಡ್ ರೋಗಿಗಳಲ್ಲಿ ಚಿತ್ರ ಸಾಕಷ್ಟು ಸ್ಪಷ್ಟವಾಗಿದೆ. ಅವರ ಮೂತ್ರದಲ್ಲಿ ಸತು ಹೆಚ್ಚು, ಕೆಂಪು ರಕ್ತಕಣಗಳಲ್ಲಿ ಕಡಿಮೆ. ಚಿಕಿತ್ಸೆಯಿಂದ ಹಾರ್ಮೋನು ಹತೋಟಿಗೆ ಬಂದ ಮೇಲೆ ಕೆಲವು ತಿಂಗಳುಗಳಲ್ಲಿ ಕೆಂಪುಕಣದ ಸತು ಮತ್ತೆ ಮೇಲೇರುತ್ತದೆ. ಕೆಂಪುಕಣಗಳು ಸುಮಾರು ನಾಲ್ಕು ತಿಂಗಳು ಬದುಕುವುದರಿಂದ, ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಿರುವಂತೆ ಕೆಂಪುಕಣದ ಸತು ಹಿಂದಿನ ತಿಂಗಳುಗಳ ಥೈರಾಯ್ಡ್ ಸ್ಥಿತಿಯನ್ನು ತೋರಿಸಬಹುದೆಂದು ಜಪಾನಿನ ಸಂಶೋಧಕರು ಹೇಳಿದ್ದುಂಟು. ಇಲ್ಲಿ ಸತು ಕಡಿಮೆಯಾದುದು ರೋಗದ ಪರಿಣಾಮವೇ ಹೊರತು ಕಾರಣವಲ್ಲ ಎಂಬುದನ್ನು ಗಮನಿಸಬೇಕು.

ಹಾರ್ಮೋನು ಕಡಿಮೆಯಿರುವ ಹೈಪೋಥೈರಾಯ್ಡ್ ರೋಗಿಗಳಲ್ಲಿ ಚಿತ್ರ ಅಷ್ಟು ಸರಳವಲ್ಲ. ಕೆಲವು ಅಧ್ಯಯನಗಳಲ್ಲಿ ಅವರ ರಕ್ತದ ಸತು ಆರೋಗ್ಯವಂತರಿಗಿಂತ ಕಡಿಮೆ ಕಂಡಿದೆ, ಕೆಲವದರಲ್ಲಿ ವ್ಯತ್ಯಾಸವೇ ಕಂಡಿಲ್ಲ. ಇಂತಹ ಬಹುತೇಕ ಅಧ್ಯಯನಗಳು ಚಿಕ್ಕವು. ವಯಸ್ಸು, ಆಹಾರ, ಪರೀಕ್ಷೆಯ ವಿಧಾನ ಒಂದೊಂದರಲ್ಲಿ ಒಂದೊಂದು ಬಗೆ. ಆದ್ದರಿಂದ ಒಂದೇ ಅಧ್ಯಯನವನ್ನು ಹಿಡಿದು ಎಲ್ಲರಿಗೂ ಅನ್ವಯಿಸುವುದು ತಪ್ಪು.

ಸತು ಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಿದ್ದಾರೆ. 2015ರಲ್ಲಿ ಪ್ರಕಟವಾದ ಇರಾನಿನ ಅಧ್ಯಯನವೊಂದರಲ್ಲಿ ಹೈಪೋಥೈರಾಯ್ಡ್ ಇದ್ದ, ತೂಕ ಹೆಚ್ಚಿದ್ದ 68 ಮಹಿಳೆಯರನ್ನು ನಾಲ್ಕು ಗುಂಪು ಮಾಡಿ 12 ವಾರಗಳ ಕಾಲ ಗಮನಿಸಲಾಯಿತು. ದಿನಕ್ಕೆ 30 ಮಿಲಿಗ್ರಾಂ ಸತು ಪಡೆದ ಗುಂಪುಗಳಲ್ಲಿ ರಕ್ತದ ಮುಕ್ತ ಟಿ3 ಸ್ವಲ್ಪ ಏರಿತು. ಇದು ಆಶಾದಾಯಕವೇ. ಆದರೆ ಒಂದೊಂದು ಗುಂಪಿನಲ್ಲಿ ಇದ್ದವರು ಇಪ್ಪತ್ತಕ್ಕಿಂತ ಕಡಿಮೆ, ಅವಧಿ ಮೂರು ತಿಂಗಳು. ಥೈರಾಕ್ಸಿನ್ ಮಾತ್ರೆಯ ಬದಲಿಗೆ ಸತು ಸಾಕು ಎಂದು ಇದರಿಂದ ಸಿದ್ಧವಾಗುವುದಿಲ್ಲ.

ಭಾರತದ ಚರ್ಮವೈದ್ಯರು 2013ರಲ್ಲಿ ವರದಿ ಮಾಡಿದ ಒಂದು ಪ್ರಕರಣವೂ ಉಲ್ಲೇಖನೀಯ. ಹೈಪೋಥೈರಾಯ್ಡ್ ಇದ್ದ ಯುವತಿಯೊಬ್ಬರ ತಲೆಗೂದಲು ತೀವ್ರವಾಗಿ ಉದುರುತ್ತಿತ್ತು. ಥೈರಾಕ್ಸಿನ್ ಕೊಟ್ಟರೂ ಕೂದಲು ಮರಳಲಿಲ್ಲ. ಸತುವಿನ ಕೊರತೆ ಇರುವುದು ಪತ್ತೆಯಾಗಿ ಸತು ಕೊಟ್ಟ ಬಳಿಕ ಸುಧಾರಣೆ ಕಂಡಿತು. ಥೈರಾಕ್ಸಿನ್ ಸರಿಯಾಗಿ ತೆಗೆದುಕೊಂಡೂ ಟಿಎಸ್‌ಎಚ್ ಹಿಡಿತಕ್ಕೆ ಬಂದೂ ಕೂದಲುದುರುವುದು ನಿಲ್ಲದಿದ್ದರೆ ಸತುವನ್ನೂ ನೋಡಬೇಕು ಎಂಬುದು ಇದರಿಂದ ಕಲಿಯಬೇಕಾದ ಪಾಠ. ಆ ಯುವತಿಗೂ ಸತು ಕೊಟ್ಟದ್ದು ಥೈರಾಕ್ಸಿನ್ ಜೊತೆಗೆ, ಅದರ ಜಾಗದಲ್ಲಲ್ಲ.

ಪರೀಕ್ಷೆಯ ಚೀಟಿಯಲ್ಲಿನ ಅಂಕಿ

ಟಿಎಸ್‌ಎಚ್ ಪರೀಕ್ಷೆಯನ್ನು ನಂಬಬಹುದಾದಷ್ಟು ಸುಲಭವಾಗಿ ರಕ್ತದ ಸತುವಿನ ಅಂಕಿಯನ್ನು ನಂಬಲಾಗದು. ದೇಹದ ಒಟ್ಟು ಸತುವಿನಲ್ಲಿ ರಕ್ತದ ದ್ರವದಲ್ಲಿರುವುದು ಸಾವಿರಕ್ಕೆ ಒಂದು ಪಾಲು ಮಾತ್ರ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದಲ್ಲಿ ಅದು ಹೆಚ್ಚು, ಊಟವಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ ಕಡಿಮೆ. ಜ್ವರ ಅಥವಾ ಸೋಂಕು ಇದ್ದಾಗ, ಗರ್ಭಿಣಿಯಾಗಿದ್ದಾಗ, ರಕ್ತದ ಆಲ್ಬುಮಿನ್ ಕಡಿಮೆಯಿದ್ದಾಗ ನಿಜವಾದ ಕೊರತೆ ಇಲ್ಲದಿದ್ದರೂ ಅಂಕಿ ಇಳಿಯುತ್ತದೆ. ರಕ್ತ ಸಂಗ್ರಹಿಸುವ ಕೊಳವೆಯ ಮುಚ್ಚಳದಿಂದ ಸತು ಬೆರೆತರೆ ಅಥವಾ ರಕ್ತಕಣಗಳು ಒಡೆದರೆ ಅಂಕಿ ಸುಳ್ಳಾಗಿ ಏರುತ್ತದೆ.

ಬೆಳಗಿನ ಖಾಲಿ ಹೊಟ್ಟೆಯ ರಕ್ತದಲ್ಲಿ ಒಂದು ಡೆಸಿಲೀಟರಿಗೆ ಮಹಿಳೆಯರಿಗೆ 70, ಪುರುಷರಿಗೆ 74 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯ ಸೂಚನೆ ಎಂದು ಅಂತಾರಾಷ್ಟ್ರೀಯ ತಜ್ಞರ ಮಂಡಳಿ ಗುರುತಿಸಿದೆ. ಈ ಗೆರೆಯನ್ನು ಜನಸಮುದಾಯದ ಸಮೀಕ್ಷೆಗೆಂದು ಎಳೆದದ್ದು. ಒಬ್ಬ ವ್ಯಕ್ತಿಯ ಅಂಕಿ 68 ಎಂದ ಮಾತ್ರಕ್ಕೆ ಗಾಬರಿಯಾಗುವ ಅಗತ್ಯವಿಲ್ಲ. ವೈದ್ಯರು ಅಂಕಿಯ ಜೊತೆಗೆ ಲಕ್ಷಣಗಳನ್ನೂ ಆಹಾರವನ್ನೂ ನೋಡಿ ತೀರ್ಮಾನಿಸುತ್ತಾರೆ. ಪ್ರತಿಯೊಬ್ಬ ಥೈರಾಯ್ಡ್ ರೋಗಿಯೂ ಹಣ ಕೊಟ್ಟು ಸತುವಿನ ಪರೀಕ್ಷೆ ಮಾಡಿಸಬೇಕಾಗಿಲ್ಲ.

ಸುಸ್ತು, ಕೂದಲುದುರುವಿಕೆ: ಮೂರು ಕಾರಣಗಳ ಗೊಂದಲ

ಸಿರುಮುಗೈಯ ಮಗ್ಗದ ಮುಂದೆ ಕುಳಿತಿರುವ ತಾಯಿಗೂ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಶಿಫ್ಟ್ ದುಡಿಯುವ ಮಗಳಿಗೂ ದೂರು ಒಂದೇ ಇರಬಹುದು: ಸುಸ್ತು, ಕೂದಲು ಉದುರುವುದು, ಒಣಚರ್ಮ. ಇದೇ ಲಕ್ಷಣಗಳು ಥೈರಾಯ್ಡ್ ಕೊರತೆಯಲ್ಲಿಯೂ, ಸತುವಿನ ಕೊರತೆಯಲ್ಲಿಯೂ, ರಕ್ತಹೀನತೆಯಲ್ಲಿಯೂ ಕಾಣಿಸುತ್ತವೆ. ಬೇರ್ಪಡಿಸಿ ನೋಡಲು ನೆರವಾಗುವ ಕೆಲವು ಗುರುತುಗಳಿವು:

– ಥೈರಾಯ್ಡ್ ಕೊರತೆಯ ಕಡೆಗೆ ಬೆರಳು ತೋರಿಸುವವು: ಇತರರಿಗಿಂತ ಹೆಚ್ಚು ಚಳಿಯೆನಿಸುವುದು, ಊಟ ಹೆಚ್ಚದಿದ್ದರೂ ತೂಕ ಏರುವುದು, ಮಲಬದ್ಧತೆ, ದನಿ ಒರಟಾಗುವುದು, ಮುಟ್ಟಿನ ಏರುಪೇರು, ಕೊರಳಿನ ಮುಂದೆ ಊತ.
– ಸತುವಿನ ಕೊರತೆಯ ಕಡೆಗೆ ತೋರಿಸುವವು: ಬಾಯಿರುಚಿ ಕೆಡುವುದು, ಗಾಯ ಬೇಗ ಮಾಯದಿರುವುದು, ಪದೇ ಪದೇ ಸೋಂಕು, ಬಾಯಿಯ ಸುತ್ತ ಚರ್ಮ ಕೆಂಪಾಗಿ ಒಡೆಯುವುದು, ಬಹುದಿನದ ಭೇದಿ.
– ರಕ್ತಹೀನತೆಯ ಕಡೆಗೆ ತೋರಿಸುವವು: ಮೆಟ್ಟಿಲು ಹತ್ತಿದರೆ ಏದುಸಿರು, ಎದೆಬಡಿತ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನ 15ರಿಂದ 49 ವರ್ಷದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಬೆಂಗಳೂರು, ಚೆನ್ನೈ ಸೇರಿದಂತೆ ದೇಶದ ಎಂಟು ನಗರಗಳಲ್ಲಿ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 10.95 ಮಂದಿಗೆ ಹೈಪೋಥೈರಾಯ್ಡ್ ಕಂಡುಬಂದಿತ್ತು. 2016–18ರ ರಾಷ್ಟ್ರೀಯ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ ದೇಶದ 10ರಿಂದ 19 ವರ್ಷದವರಲ್ಲಿ ಶೇ. 32 ಮಂದಿಗೆ ಸತುವಿನ ಕೊರತೆ ಇತ್ತು. ಹೀಗೆ ಮೂರೂ ತೊಂದರೆಗಳು ನಮ್ಮ ನಡುವೆ ವ್ಯಾಪಕವಾಗಿವೆ, ಒಬ್ಬರಲ್ಲೇ ಎರಡೋ ಮೂರೋ ಇರಬಹುದು. ಆದ್ದರಿಂದ ಮೊದಲು ಮಾಡಿಸಬೇಕಾದುದು ಹಿಮೋಗ್ಲೋಬಿನ್ ಮತ್ತು ಟಿಎಸ್‌ಎಚ್ ಪರೀಕ್ಷೆ. ಸತುವಿನ ಮಾತು ಆಮೇಲೆ.

ಮೊದಲು ಉಪ್ಪು

ಥೈರಾಯ್ಡಿನ ಮೊದಲ ಅಗತ್ಯ ಅಯೋಡಿನ್ ಎಂಬುದನ್ನು ಸತುವಿನ ಗದ್ದಲದಲ್ಲಿ ಮರೆಯಬಾರದು. ಭಾರತ ಸರಕಾರವು 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅಯೋಡಿನ್ ಬೆರೆಸದ ಉಪ್ಪನ್ನು ಆಹಾರಕ್ಕೆಂದು ಮಾರುವುದನ್ನು 2006ರಲ್ಲಿ ದೇಶಾದ್ಯಂತ ನಿಷೇಧಿಸಿತು. ಆದರೂ 2018–19ರ ಭಾರತ ಅಯೋಡಿನ್ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪನ್ನು ಬಳಸುವ ಮನೆಗಳು ದೇಶದಲ್ಲಿ ಶೇ. 76.3 ಇದ್ದರೆ ತಮಿಳುನಾಡಿನಲ್ಲಿ ಶೇ. 61.9 ಮಾತ್ರ. ಉಪ್ಪು ತಯಾರಿಸುವ ಕರಾವಳಿ ನಮ್ಮದೇ ರಾಜ್ಯದಲ್ಲಿದ್ದು, ಹರಳುಪ್ಪು ಸುಲಭವಾಗಿ ಸಿಗುವುದೂ ಅದನ್ನು ಬಳಸುವ ರೂಢಿ ಉಳಿದಿರುವುದೂ ಇದಕ್ಕೆ ಒಂದು ಕಾರಣ. ಅಯೋಡಿನ್ ಉಪ್ಪಿನ ಪೊಟ್ಟಣದ ಮೇಲೆ ನಗುವ ಸೂರ್ಯನ ಗುರುತಿರುತ್ತದೆ. ಅದನ್ನು ನೋಡಿ ಕೊಳ್ಳಿ. ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯ ಬಿಸಿ ತಾಗದಂತೆ ಇಡಿ. ಉಪ್ಪಿನ ಪ್ರಮಾಣವನ್ನು ಹೆಚ್ಚಿಸುವುದು ಬೇಡ, ಬಗೆಯನ್ನು ಬದಲಿಸಿದರೆ ಸಾಕು.

ನಮ್ಮ ಮಣ್ಣು, ನಮ್ಮ ತಟ್ಟೆ

ತಟ್ಟೆಯ ಸತು ಹೊಲದಿಂದ ಬರುತ್ತದೆ. ದೇಶದ ಹೊಲಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾಗದ ಮಣ್ಣಿನಲ್ಲಿ ಸತು ಕೊರೆಯಾಗಿದೆ. ತಮಿಳುನಾಡಿನಲ್ಲಿ ಈ ಕೊರತೆ ರಾಷ್ಟ್ರೀಯ ಸರಾಸರಿಗಿಂತ ಬಹಳ ಹೆಚ್ಚು. ನಮ್ಮ ಎರಡು ಜಿಲ್ಲೆಗಳ ಸುಣ್ಣದಂಶವುಳ್ಳ ಕಪ್ಪುಮಣ್ಣು ಸತುವನ್ನು ಬಿಗಿಹಿಡಿದು ಬೇರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೊಯಮತ್ತೂರಿನಲ್ಲಿರುವ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವು ಭತ್ತದ ಬೆಳೆಗೆ ಹೆಕ್ಟೇರಿಗೆ 25 ಕಿಲೋ ಸತುವಿನ ಸಲ್ಫೇಟ್ ಹಾಕಲು ಸಲಹೆ ಮಾಡುವುದು ಈ ಕಾರಣಕ್ಕೇ. ಸತು ಹೆಚ್ಚಿರುವ ಭತ್ತದ ತಳಿಗಳೂ ಬಂದಿವೆ. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 45 ತಳಿಯನ್ನು ಕರ್ನಾಟಕ, ತಮಿಳುನಾಡುಗಳಿಗೂ ಶಿಫಾರಸು ಮಾಡಲಾಗಿದೆ. ಹೊಲವುಳ್ಳ ನಮ್ಮವರು ಈ ವಿಚಾರವನ್ನು ಕೃಷಿ ಅಧಿಕಾರಿಗಳಲ್ಲಿ ಕೇಳಬೇಕು. ಪಡಿತರದಲ್ಲಿ ಬರುವ ಬಲವರ್ಧಿತ ಅಕ್ಕಿಯಲ್ಲಿ ಕಡ್ಡಾಯವಾಗಿ ಬೆರೆಸುವುದು ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12. ಸತು ಕಡ್ಡಾಯವಲ್ಲ. ಆದ್ದರಿಂದ ಆ ಅಕ್ಕಿಯಿಂದ ಸತು ಸಿಗುತ್ತದೆಂದು ಎಣಿಸಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ದಿನಕ್ಕೆ ಪುರುಷರಿಗೆ 17, ಮಹಿಳೆಯರಿಗೆ 13.2, ಗರ್ಭಿಣಿಯರಿಗೆ 14.5 ಮಿಲಿಗ್ರಾಂ ಸತು ಬೇಕು. ಬಹುತೇಕರಿಗೆ ಸಾಕಾಗುವಂತೆ ಸ್ವಲ್ಪ ಹೆಚ್ಚಿಗೆ ಇಟ್ಟ ಅಂಕಿ ಇದು. ಮಹಿಳೆಯರ ಸರಾಸರಿ ಅಗತ್ಯ 11 ಮಿಲಿಗ್ರಾಂ. 100 ಗ್ರಾಂ ಆಹಾರದಲ್ಲಿ ಸಿಗುವ ಸತು ಹೀಗಿದೆ (ಅಂದಾಜು, ಮಿಲಿಗ್ರಾಂಗಳಲ್ಲಿ): ಬಿಳಿ ಅಕ್ಕಿ 1.2, ಜೋಳ 2, ರಾಗಿ 2.5, ಹುರುಳಿ 2.7, ಸಜ್ಜೆ 2.8, ಗೋಧಿಹಿಟ್ಟು 2.8, ಕಡಲೆ 3.4, ಎಳ್ಳು 7ಕ್ಕಿಂತ ಹೆಚ್ಚು.

ಒಂದು ಲೆಕ್ಕ ಮಾಡೋಣ. ದಿನಕ್ಕೆ 300 ಗ್ರಾಂ ಅಕ್ಕಿಯ ಅನ್ನ, ತಿಳಿಸಾರು, ಮಜ್ಜಿಗೆ ಉಂಡರೆ ಅಕ್ಕಿಯಿಂದ ಸಿಗುವುದು 3.6 ಮಿಲಿಗ್ರಾಂ ಮಾತ್ರ. ಅದರ ಬದಲು 200 ಗ್ರಾಂ ಅಕ್ಕಿ (2.4), 100 ಗ್ರಾಂ ರಾಗಿ (2.5), 75 ಗ್ರಾಂ ಹುರುಳಿ ಅಥವಾ ಬೇಳೆ (2), 15 ಗ್ರಾಂ ಎಳ್ಳಿನ ಪುಡಿ (1), 30 ಗ್ರಾಂ ಕಡಲೆಕಾಯಿ (1), ಎರಡು ಲೋಟ ಹಾಲು ಅಥವಾ ಮೊಸರು (1) ಸೇರಿದರೆ ಸುಮಾರು 10 ಮಿಲಿಗ್ರಾಂ ಆಗುತ್ತದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಉಳಿದುದನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ಮಾಂಸದ ಸತು ಮೈಗೆ ಬೇಗ ಹತ್ತುತ್ತದೆ. ಸಸ್ಯಾಹಾರಿಗಳು ಕಡಲೆ, ಎಳ್ಳು, ಕುಂಬಳಬೀಜಗಳನ್ನು ಹೆಚ್ಚಿಸಿಕೊಳ್ಳಬೇಕು.

ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಹಿಡಿದಿಟ್ಟು ಕರುಳು ಹೀರಿಕೊಳ್ಳದಂತೆ ತಡೆಯುತ್ತದೆ. ಇರಾನಿನ ರೊಟ್ಟಿಯಲ್ಲಿ ನಡೆದದ್ದೂ ಇದೇ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಈ ಫೈಟೇಟನ್ನು ತಗ್ಗಿಸುತ್ತವೆ. ಮೊಳಕೆ ಹುರುಳಿಯ ಸಾರು, ರಾಗಿ ಬೆರೆಸಿದ ದೋಸೆ, ಹುದುಗಿಸಿದ ಕಂಬಂಕೂಳು, ಮೊಳಕೆ ರಾಗಿಯ ಹಿಟ್ಟು ಇವೆಲ್ಲ ನಮ್ಮ ಹಿರಿಯರು ಬಿಟ್ಟುಹೋದ ಅಡುಗೆಯೇ. ಒಂದು ಎಚ್ಚರಿಕೆ: ಸಜ್ಜೆಯನ್ನೇ ಮೂರು ಹೊತ್ತೂ ಉಂಡು ಅಯೋಡಿನ್ ಕಡಿಮೆಯಿರುವ ಪ್ರದೇಶಗಳಲ್ಲಿ ಗಳಗಂಡ ಹೆಚ್ಚಿದ ನಿದರ್ಶನಗಳು ಸೂಡಾನಿನಿಂದ ವರದಿಯಾಗಿವೆ. ಮರಗೆಣಸಿಗೂ ಇಂತಹ ಗುಣವಿದೆ. ಅಯೋಡಿನ್ ಉಪ್ಪು ಬಳಸುತ್ತ, ಧಾನ್ಯಗಳನ್ನು ಬದಲಿಸಿ ಬದಲಿಸಿ ಉಂಡರೆ ಭಯವಿಲ್ಲ.

ಮಾತ್ರೆಗಳ ಲೆಕ್ಕಾಚಾರ

ಥೈರಾಕ್ಸಿನ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಏನನ್ನೂ ಸೇವಿಸಬಾರದು. ಎದ್ದೊಡನೆ ಫಿಲ್ಟರ್ ಕಾಫಿ ಕುಡಿಯುವ ನಮ್ಮ ರೂಢಿ ಇಲ್ಲಿ ಅಡ್ಡಬರುತ್ತದೆ. ಕಾಫಿಯು ಮಾತ್ರೆ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಕಬ್ಬಿಣ ಮತ್ತು ಸುಣ್ಣಾಂಶದ ಮಾತ್ರೆಗಳನ್ನು ನಾಲ್ಕು ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬೇಕು. ಸತುವಿನ ಮಾತ್ರೆಗೂ ಸತು ಬೆರೆತ ವಿಟಮಿನ್ ಮಾತ್ರೆಗೂ ಇದೇ ಅಂತರ ಕ್ಷೇಮ. ಟಿಎಸ್‌ಎಚ್ ಇಳಿಯುತ್ತಿಲ್ಲವೆಂದು ಸತು ಸೇರಿಸಿ, ಎರಡನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಇನ್ನಷ್ಟು ವ್ಯರ್ಥವಾದೀತು. ರಾತ್ರಿ ಶಿಫ್ಟಿನಲ್ಲಿ ದುಡಿಯುವವರು ಊಟವಾಗಿ ಮೂರು ಗಂಟೆಯ ನಂತರ, ಮಲಗುವ ಮುನ್ನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬಹುದು. ಪ್ರತಿದಿನ ಒಂದೇ ಕ್ರಮವನ್ನು ಪಾಲಿಸುವುದು ಮುಖ್ಯ. ಪ್ರಮಾಣ ಬದಲಾದ ಮೇಲೆ ಆರರಿಂದ ಎಂಟು ವಾರಗಳ ಬಳಿಕವೇ ಟಿಎಸ್‌ಎಚ್ ಪರೀಕ್ಷೆಗೆ ಅರ್ಥ.

ಸತುವಿನ ಮಾತ್ರೆಯ ಡಬ್ಬಿಯ ಮೇಲಿನ ಅಂಕಿಯನ್ನೂ ಓದಲು ಕಲಿಯಬೇಕು. 220 ಮಿಲಿಗ್ರಾಂ ಸತುವಿನ ಸಲ್ಫೇಟ್ ಎಂದಿದ್ದರೆ ಅದರಲ್ಲಿ ನಿಜವಾದ ಸತು ಸುಮಾರು 50 ಮಿಲಿಗ್ರಾಂ. ವಯಸ್ಕರು ಎಲ್ಲ ಮೂಲಗಳಿಂದಲೂ ಸೇರಿ ದಿನಕ್ಕೆ 40 ಮಿಲಿಗ್ರಾಂ ಮೀರಬಾರದು ಎಂಬುದು ಮೇಲ್ಮಿತಿ. ವೈದ್ಯರು ಕೊರತೆ ಕಂಡು ಕೆಲಕಾಲಕ್ಕೆ ಹೆಚ್ಚು ಕೊಡುವುದು ಬೇರೆ ಮಾತು. ನಾವೇ ಕೊಂಡು ತಿಂಗಳುಗಟ್ಟಲೆ ನುಂಗಿದರೆ ಸತುವು ತಾಮ್ರದ ಹೀರಿಕೆಯನ್ನು ತಡೆಯುತ್ತದೆ. ತಾಮ್ರ ಕಡಿಮೆಯಾದರೆ ರಕ್ತಹೀನತೆ, ಕೈಕಾಲು ಜೋಮು, ನಡಿಗೆಯ ತೊಂದರೆ ಬರಬಹುದು. ಆಯುರ್ವೇದದ ಯಶದ ಭಸ್ಮವೂ ಸತುವಿನಿಂದಾದುದೇ. ಅದನ್ನು ಸೇವಿಸುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಸತುವಿನ ಜೊತೆಗೆ ಬಯೋಟಿನ್ ಎಂಬ ವಿಟಮಿನ್ ಇರುವುದುಂಟು. ಇದು ಅನೇಕ ಪ್ರಯೋಗಾಲಯಗಳ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ಸುಳ್ಳಾಗಿಸಬಲ್ಲದು. ಟಿಎಸ್‌ಎಚ್ ಕಡಿಮೆಯಾಗಿ, ಟಿ4 ಹೆಚ್ಚಾಗಿ ತೋರಿಸಿ 'ಥೈರಾಯ್ಡ್ ಗುಣವಾಯಿತು' ಎಂಬ ಭ್ರಮೆ ಹುಟ್ಟಿಸಬಹುದು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಸತು ನುಂಗಿ ಥೈರಾಯ್ಡ್ ಹೋಯಿತೆಂಬ ಕೆಲವು ಕಥೆಗಳ ಹಿಂದೆ ಈ ಸುಳ್ಳಂಕಿ ಇರುವುದು ಅಸಾಧ್ಯವಲ್ಲ.

ಗರ್ಭಿಣಿಯರು ಮತ್ತು ಮಕ್ಕಳು

ಗರ್ಭದ ಮೊದಲ ಮೂರು ತಿಂಗಳಲ್ಲಿ ಶಿಶುವಿನ ಮಿದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನು ನಂಬಿಕೊಂಡು. ಆ ಹೊತ್ತಿನಲ್ಲಿ ಥೈರಾಕ್ಸಿನ್ ನಿಲ್ಲಿಸಿ ಸತುವಿನ ಮಾತ್ರೆ ಹಿಡಿಯುವುದರಿಂದ ಆಗುವ ನಷ್ಟ ಮರಳಿ ತುಂಬಲಾಗದ್ದು. ಗರ್ಭ ನಿಂತದ್ದು ತಿಳಿದೊಡನೆ ವೈದ್ಯರಿಗೆ ಹೇಳಬೇಕು, ಏಕೆಂದರೆ ಬಹುತೇಕರಿಗೆ ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶುಗಳು ಭಾರತದಲ್ಲಿ ಸರಿಸುಮಾರು ಸಾವಿರಕ್ಕೊಂದು. ಮೊದಲ ಎರಡು ವಾರಗಳಲ್ಲಿ ಪತ್ತೆಹಚ್ಚಿ ಚಿಕಿತ್ಸೆ ಆರಂಭಿಸಿದರೆ ಮಗು ಇತರ ಮಕ್ಕಳಂತೆಯೇ ಬೆಳೆಯುತ್ತದೆ. ಹೆರಿಗೆಯಾದ ಆಸ್ಪತ್ರೆಯಲ್ಲಿ 'ಮಗುವಿಗೆ ಥೈರಾಯ್ಡ್ ಪರೀಕ್ಷೆ ಆಯಿತೇ?' ಎಂದು ಕೇಳಲು ಸಂಕೋಚ ಬೇಡ.

ಮಕ್ಕಳಿಗೆ ಸತುವಿನ ಮಾತ್ರೆ ನಿಸ್ಸಂದೇಹವಾಗಿ ಬೇಕಾಗುವ ಸಂದರ್ಭ ಭೇದಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ನೀಡಿದ ಸೂಚನೆಯಂತೆ ಓಆರ್‌ಎಸ್ ಜೊತೆಗೆ 10ರಿಂದ 14 ದಿನ, ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳೊಳಗಿನ ಶಿಶುವಿಗೆ 10 ಮಿಲಿಗ್ರಾಂ ಕೊಡಬೇಕು. ಭೇದಿ ನಿಂತಿತೆಂದು ನಡುವೆ ಬಿಡಬಾರದು.

ನುಡಿಯ ಪ್ರಶ್ನೆ

1956ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ಒಂದು ತಾಲೂಕಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಸೇರಿತು. ಗಡಿಯ ಈಚೆ ದೇವಾಂಗರು, ಒಕ್ಕಲಿಗರು, ಕುರುಬರು ಮೊದಲಾದ ಕನ್ನಡ ಮನೆಮಾತಿನ ಸಮುದಾಯಗಳು ಉಳಿದವು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು. ತಮಿಳು ನಮಗೆ ಪರಕೀಯವಲ್ಲ, ತಲೆಮಾರುಗಳಿಂದ ನಮ್ಮ ಬೀದಿಯ ನುಡಿ ಅದು. ಆದರೆ ಪರೀಕ್ಷೆಯ ಚೀಟಿ ಇಂಗ್ಲಿಷಿನಲ್ಲಿ, ಆರೋಗ್ಯ ಇಲಾಖೆಯ ಕರಪತ್ರ ಗ್ರಾಂಥಿಕ ತಮಿಳಿನಲ್ಲಿ, ಮನೆಯ ಹಿರಿಯ ಹೆಣ್ಣುಮಕ್ಕಳು ನೋವು ಹೇಳಿಕೊಳ್ಳುವುದು ಕನ್ನಡದಲ್ಲಿ. ಈ ಮೂರರ ನಡುವಿನ ಕಂದಕದಲ್ಲಿ ತಪ್ಪು ತಿಳಿವಳಿಕೆಗೆ ಜಾಗ ಸಿಗುತ್ತದೆ. ನೆರವಾಗುವ ಕೆಲವು ಪದಗಳಿವು:

– ಸತು: ತಮಿಳಿನಲ್ಲಿ ತುತ್ತನಾಗಂ, ಔಷಧದಂಗಡಿಯಲ್ಲಿ ಜಿಂಕ್
– ಗಳಗಂಡ: ಕಳುತ್ತು ಕಳಲೈ
– ಖಾಲಿ ಹೊಟ್ಟೆಯಲ್ಲಿ: ವೆರುಂ ವಯಿತ್ತಿಲ್
– ರಾಗಿ: ಕೇಳ್ವರಗು
– ಸಜ್ಜೆ: ಕಂಬು
– ಜೋಳ: ಚೋಳಂ
– ಹುರುಳಿ: ಕೊಳ್ಳು
– ರಕ್ತಹೀನತೆ: ರತ್ತ ಸೋಗೈ

ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ನನ್ನ ಟಿಎಸ್‌ಎಚ್ ಎಷ್ಟಿದೆ, ಎಷ್ಟಿರಬೇಕು? ಮಾತ್ರೆಯನ್ನು ಯಾವ ಹೊತ್ತಿಗೆ, ಯಾವುದರ ಜೊತೆ ತೆಗೆದುಕೊಳ್ಳಬಾರದು? ನನಗೆ ಸತುವಿನ ಮಾತ್ರೆ ಬೇಕೇ, ಬೇಕಾದರೆ ಎಷ್ಟು ದಿನ? ಮುಂದಿನ ಪರೀಕ್ಷೆ ಯಾವಾಗ? ಈಗ ಎರಡೂ ಜಿಲ್ಲೆಗಳಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಇಎಸ್‌ಐ ಚೀಟಿಯುಳ್ಳ ಕಾರ್ಮಿಕರಿಗೆ ಇಎಸ್‌ಐ ಚಿಕಿತ್ಸೆಯ ಹಕ್ಕಿದೆ.

ಸಂವಿಧಾನದ 350ನೇ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಕನ್ನಡ ಮನೆಗಳು ಹೆಚ್ಚಿರುವ ಊರುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಥೈರಾಯ್ಡ್, ರಕ್ತಹೀನತೆ, ಗರ್ಭಿಣಿಯರ ಆರೈಕೆಯ ಬಗ್ಗೆ ಕನ್ನಡದಲ್ಲಿಯೂ ಮಾಹಿತಿ ಇರಲೆಂದು ಎರಡು ಜಿಲ್ಲೆಗಳ ಆರೋಗ್ಯಾಧಿಕಾರಿಗಳನ್ನು ನಾವು ಒತ್ತಾಯಿಸುತ್ತೇವೆ. ಇದು ಯಾವ ಭಾಷೆಯ ವಿರುದ್ಧವೂ ಅಲ್ಲ, ಮಾತ್ರೆಯನ್ನು ಸರಿಯಾಗಿ ನುಂಗುವ ಸಲುವಾಗಿ.

ಕನ್ನಡ ಆಡಬಲ್ಲ ನಮ್ಮ ಮನೆಗಳಲ್ಲಿ ಕನ್ನಡ ಓದಬಲ್ಲವರು ಕಡಿಮೆ. ಆದ್ದರಿಂದ ಇದನ್ನು ಓದಿದವರು ಮನೆಯ ಅಮ್ಮನಿಗೆ, ಅಜ್ಜಿಗೆ, ಅತ್ತಿಗೆಗೆ ಓದಿ ಹೇಳಬೇಕೆಂದು ವಿನಂತಿಸುತ್ತೇವೆ. ಎಲ್ಲವೂ ನೆನಪಿರದಿದ್ದರೂ ಚಿಂತೆಯಿಲ್ಲ, ಮೂರು ಮಾತು ಉಳಿದರೆ ಸಾಕು: ಥೈರಾಕ್ಸಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ಸತುವನ್ನು ಮೊದಲು ತಟ್ಟೆಯಲ್ಲಿ ಹುಡುಕಬೇಕು, ಸತುವಿನ ಮಾತ್ರೆ ವೈದ್ಯರು ಹೇಳಿದರೆ ಮಾತ್ರ, ಅದೂ ಥೈರಾಕ್ಸಿನ್‌ನಿಂದ ನಾಲ್ಕು ಗಂಟೆ ದೂರದಲ್ಲಿ.